ಜೀನ್ಸ್ ಲಂಗದ ಹರಕೆ

ನಮ್ಮ ಕಡೆ ಲಂಗ ಅನ್ನುವ ಮಾತಿಗೆ ಎರಡೇ ಅರ್ಥ. ಒಂದು, ಹುಡುಗಿಯರು ದೊಡ್ಡವರಾಗುವ ತನಕ ಜಾಕೀಟಿನ ಜೊತೆ ತೊಡುವುದು. ಇನ್ನೊಂದು, ದೊಡ್ಡವರಾದ ಮೇಲೆ ಸೀರೆಯ ಒಳಗೆ ಉಡುವುದು. ಮೊದಲನೆಯದನ್ನು ಊರೆಲ್ಲ ನೋಡಬಹುದು, ಎರಡನೆಯದನ್ನು ಕಟ್ಟಿಕೊಂಡ ಗಂಡ ಕೂಡ ಹಗಲು ಹೊತ್ತಿನಲ್ಲಿ ನೋಡಬಾರದು. ಮೂವತ್ತೆಂಟು ವರ್ಷದ, ಮದುವೆಯಾಗದ, ಚಳ್ಳಕೆರೆಯ ಎಣ್ಣೆ ಮಿಲ್ಲೊಂದರ ಆಫೀಸಿನಲ್ಲಿ ಕಂಪ್ಯೂಟರ್ ಮುಂದೆ ಕೂರುವ ಹೆಂಗಸು ಸೀರೆಯಿಲ್ಲದೆ ಬರೀ ಲಂಗ ಉಟ್ಟು ಬಸ್ ಹತ್ತಿದರೆ ಅದಕ್ಕೆ ಏನನ್ನಬೇಕು? ನಮ್ಮಲ್ಲಿ ಅದಕ್ಕಿನ್ನೂ ಪದ ಹುಟ್ಟಿಲ್ಲ. ಹುಟ್ಟಿದ್ದರೂ ಅದು ಒಳ್ಳೆಯ ಪದವಾಗಿರುತ್ತಿರಲಿಲ್ಲ ಬಿಡಿ.

ಆ ಹೆಂಗಸು ನಾನೇ. ಎರಡು ವರ್ಷದ ಹಿಂದೆ, ಊಟದ ಬಿಡುವಿನಲ್ಲಿ ಫೋನ್ ನೋಡುತ್ತಿದ್ದಾಗ, ಕಡ್ಡಿಯಂಥ ಹುಡುಗಿಯೊಬ್ಬಳು ಕಾಣಿಸಿಕೊಂಡು ನನಗೆ ಬುದ್ಧಿ ಹೇಳಿದಳು. ಪಾದದ ತನಕ ಬರುವ ಕಪ್ಪು ಡೆನಿಮ್ ಸ್ಕರ್ಟ್ ಒಂದಿದ್ದರೆ ಸಾಕಂತೆ, ಮೇಲಿನದನ್ನು ಬದಲಾಯಿಸುತ್ತ ವಾರವಿಡೀ ಏಳು ಥರ ಕಾಣಬಹುದಂತೆ. ಒಂದೇ ಥರ ಕಂಡು ಕಂಡು ನನಗೂ ಬೇಜಾರಾಗಿತ್ತು. ಅಲ್ಲೇ ಬೆರಳೊತ್ತಿ ತರಿಸಿದೆ.

ಅಳತೆಯಲ್ಲೇ ಮೊದಲ ಎಡವಟ್ಟಾಯಿತು. ಆ ಆ್ಯಪ್ ನನ್ನ ಭಾಷಾಭಿಮಾನಕ್ಕೆ ಗೌರವ ಕೊಟ್ಟು ಎಲ್ಲವನ್ನೂ ಕನ್ನಡದಲ್ಲಿ ತೋರಿಸುತ್ತಿತ್ತು. ಅಳತೆಯ ಪಟ್ಟಿಯಲ್ಲಿ ಎರಡು ಸಾಲು, ಮೇಲಿನದೂ ಸೊಂಟ, ಕೆಳಗಿನದೂ ಸೊಂಟ. ಇಂಗ್ಲಿಷಿನವರಿಗೆ ವೇಸ್ಟು, ಹಿಪ್ಪು ಅಂತ ಎರಡು ಸೊಂಟ ಇವೆ, ನಮಗೆ ದೇವರು ಒಂದೇ ಕೊಟ್ಟಿದ್ದಾನೆ. ಕೆಳಗಿನ ಸೊಂಟದ ಅಳತೆಯನ್ನು ಮೇಲಿನ ಸೊಂಟಕ್ಕೆ ಕೊಟ್ಟೆ. ಬಂದ ಸ್ಕರ್ಟಿನಲ್ಲಿ ನಾನೂ ನನ್ನ ಜೊತೆ ಒಂದು ಮಗುವೂ ಆರಾಮಾಗಿ ಹಿಡಿಸುತ್ತಿದ್ದೆವು. ವಾಪಸ್ ಕಳಿಸಲು ಸೋಮಾರಿತನ. ಬೆಲ್ಟ್ ಬಿಗಿದುಕೊಂಡೆ.

ಆದರೂ ಬಟ್ಟೆ ಚೆನ್ನಾಗಿತ್ತು ಅನ್ನಿ. ಇದ್ದಿಲಿನಂಥ ಕಪ್ಪು, ದಪ್ಪನೆಯ ಬಟ್ಟೆ, ನಾಲ್ಕು ಬೆರಳಗಲದ ಪಟ್ಟಿ, ಹಿತ್ತಾಳೆಯ ಗುಂಡಿ, ನಾಲ್ಕು ಜೇಬು, ಅಂಚಿನ ಸುತ್ತ ಕಿತ್ತಳೆ ಬಣ್ಣದ ಜೋಡಿ ಹೊಲಿಗೆ. ಸೋಮವಾರ ಬಿಳಿ ಶರ್ಟ್ ಒಳಗೆ ಸೇರಿಸಿ ಹೊರಟೆ. ನಾನು ಬಾಡಿಗೆಗಿದ್ದ ಮನೆಯ ಯಜಮಾನಿ ನೀರು ಹಿಡಿಯುತ್ತಿದ್ದವಳು, "ಇವತ್ತು ಕೋರ್ಟಿಗಾ?" ಅಂದಳು. ಮಂಗಳವಾರ ಕೆಂಪು ಕುರ್ತಿ ಹಾಕಿದೆ, ಗುಲಗಂಜಿ ಅನ್ನಿಸಿಕೊಂಡೆ. ಬುಧವಾರ ಹಳದಿ ಟಾಪ್ ಹಾಕಿದ್ದಕ್ಕೆ ಮಿಲ್ಲಿನ ಗೇಟಿನ ವಾಚ್‌ಮನ್ ಪಕ್ಕದವನಿಗೆ "ಆಟೋ ಬಂತು, ಜಾಗ ಬಿಡಲೇ" ಅಂದದ್ದು ನನಗೆ ಕೇಳಿಸಿತು. ಗುರುವಾರ ಸಿಟ್ಟಿನಿಂದ ಮೇಲೂ ಕಪ್ಪೇ ತೊಟ್ಟೆ. ನಮ್ಮ ಮ್ಯಾನೇಜರು ಕನ್ನಡಕ ಸರಿಮಾಡಿಕೊಂಡು, ಬಹಳ ಭಕ್ತಿಯಿಂದ, "ಹೆಣ್ಮಕ್ಕಳೂ ಮಾಲೆ ಹಾಕ್ತಾರೇನಮ್ಮ ಈಗ?" ಎಂದು ಕೇಳಿದರು.

ಏಳು ಅವತಾರ ಎಲ್ಲಿಂದ ಬರಬೇಕು, ನಾಲ್ಕಕ್ಕೇ ನನಗೆ ಸಾಕಾಗಿತ್ತು. ಶನಿವಾರ ಮಾತ್ರ ನನ್ನ ಸ್ವಂತ ತಲೆ ಓಡಿಸಿದೆ. ನಮ್ಮಪ್ಪ ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆ ನೇಯುವವರು. ಮಗ್ಗದಲ್ಲಿ ಕೆಟ್ಟುಹೋದ ಸೀರೆಯೊಂದರ ಸೆರಗಿನಲ್ಲಿ ಹಿಂದೆ ಯಾವಾಗಲೋ ಟಾಪ್ ಹೊಲಿಸಿಕೊಂಡಿದ್ದೆ. ಕಪ್ಪು ಸ್ಕರ್ಟಿನ ಮೇಲೆ ಆ ಜರಿ ಟಾಪ್ ತೊಟ್ಟು ಕನ್ನಡಿ ನೋಡಿದೆ. ನನಗೆ ನಾನೇ ಒಪ್ಪಿಗೆಯಾದೆ. ಹಾಗೇ ಊರಿನ ಬಸ್ ಹತ್ತಿದೆ.

ನಮ್ಮ ಮನೆ ಇರುವುದು ನೇಕಾರರ ಓಣಿಯಲ್ಲಿ. ಎದುರುಮನೆಯ ಅತ್ತೆ, ಅಂದರೆ ಅಪ್ಪನ ದೊಡ್ಡಪ್ಪನ ಮಗಳು, ಬೆಳಗ್ಗೆಯಿಂದ ಸಂಜೆಯವರೆಗೆ ಕಟ್ಟೆಯ ಮೇಲೆ ಕೂತಿರುತ್ತಾಳೆ. ಓಣಿಗೆ ಯಾರು ಬಂದರೂ ಮೊದಲು ಅವಳಿಗೆ ಲೆಕ್ಕ ಒಪ್ಪಿಸಬೇಕು. ಅವಳಿಗೆ ಕನ್ನಡದಲ್ಲಿ ಬೈಯುವುದು ಸಾಲದಾದಾಗ ತೆಲುಗು ಬರುತ್ತದೆ. ನನ್ನನ್ನು ಕಂಡವಳೇ "ಏಮೇ, ಚೀರ ಮರ್ಚಿಪೋಯಿನಾವಾ?" ಅಂದಳು. ಬಸ್ಸಿನಲ್ಲಿ ಸೀರೆ ಮರೆತು ಬಂದೆಯಾ ಎಂದು ನಿಜವಾಗಿಯೂ ಕಾಳಜಿಯಿಂದ ಕೇಳಿದಂತಿತ್ತು.

ಅವ್ವ ಒಳಗಿಂದ ಓಡಿ ಬಂದಳು. ಮಗಳು ಬಂದಳೆಂಬ ಸಂತೋಷ ಮುಖದಲ್ಲಿ ಅರ್ಧ ಮೂಡಿ ಅಲ್ಲೇ ನಿಂತಿತು.

"ಇದೇನೇ ಇದು, ಬರೀ ಲಂಗದಾಗೆ ಬಂದೀಯಾ?"

"ಲಂಗ ಅಲ್ಲವ್ವ, ಸ್ಕರ್ಟು."

"ಕನ್ನಡದಾಗೆ ಏನಂತಾರೆ ಅದಕ್ಕೆ?"

"ಲಂಗ" ಅಂದೆ.

"ಮತ್ತೆ! ಅದೂ ಕರೀದು. ಶನಿವಾರದ ದಿನ ಮನೆಗೆ ಕರಿ ಬಟ್ಟೆ ಉಟ್ಕಂಡು ಬರ್ತಾರೇನೇ?"

"ಕರಿ ಕಂಬಳಿ ಹಾಸಿ ದೇವ್ರನ್ನ ಕೂರಿಸ್ತೀರಿ, ಅದೇನು ಬಿಳೀದಾ?" ಅಂದೆ. ಅವ್ವ ಒಳಗೆ ಹೋಗಿ ತನ್ನದೊಂದು ಸೀರೆ ತಂದು ನನ್ನ ಹೆಗಲಿಗೆ ಎಸೆದಳು. ಮಗ್ಗದ ಗುಂಡಿಯಲ್ಲಿ ಕಾಲಿಳಿಬಿಟ್ಟು ಕೂತಿದ್ದ ಅಪ್ಪ ತಲೆಯೆತ್ತಿ ನೋಡಿ, "ಟಾಪಿನ ಜರಿ ನಮ್ದೇ ಅಲ್ವಾ?" ಎಂದು ಕೇಳಿ ಮತ್ತೆ ಲಾಳಿ ಎಸೆದರು. ಅವತ್ತು ನನ್ನ ವೇಷವನ್ನು ಸರಿಯಾಗಿ ನೋಡಿದವರು ಅವರೊಬ್ಬರೇ.

ಭಾನುವಾರ ಸಂಜೆ ಹೊರಡುವಾಗ ಸ್ಕರ್ಟ್ ಇಲ್ಲ. ಒಗೆದಿದ್ದೀನಿ, ಒಣಗಿಲ್ಲ ಅಂದಳು ಅವ್ವ. ಮುಂದಿನ ವಾರ ಕೇಳಿದೆ, ಇಲ್ಲೇ ಎಲ್ಲೋ ಐತೆ ಅಂದಳು. ಅದರ ಮುಂದಿನ ವಾರ, ನೀನೇ ತಗಂಡು ಹೋದೆಯಲ್ಲ ಅಂದಳು. ಅವ್ವ ಸುಳ್ಳು ಹೇಳುವುದರಲ್ಲಿ ಶುದ್ಧ ದಡ್ಡಿ, ಹೇಳುವಾಗ ಕಣ್ಣು ಒಲೆಯ ಕಡೆ ಹೋಗುತ್ತದೆ. ಸುಟ್ಟೇಬಿಟ್ಟಿದ್ದಾಳೆ ಅಂದುಕೊಂಡೆ.

ನಾಲ್ಕನೆಯ ವಾರ ಓಣಿಯಲ್ಲಿ ಪೈಪಿನ ಕೆಲಸಕ್ಕೆ ಗುಂಡಿ ತೋಡಿದ್ದರು. ನಾನು ಬಸ್ಸಿಳಿದು ಬರುತ್ತಿದ್ದೆ. ಆ ಕಡೆಯಿಂದ ಅವ್ವ ಕೊಡಪಾನ ಹಿಡಿದು ಬಂದಳು, ಗುಂಡಿ ದಾಟಲು ಸೀರೆಯನ್ನು ಒಂದು ಗೇಣು ಎತ್ತಿದಳು. ಕೆಳಗೆ ಕಿತ್ತಳೆ ಬಣ್ಣದ ಜೋಡಿ ಹೊಲಿಗೆ ಫಳ್ಳೆಂದು ಕಂಡಿತು.

ನನಗೆ ಮೈಯೆಲ್ಲ ಉರಿದುಹೋಯಿತು. ಮನೆಯೊಳಗೆ ಬಂದು ಕೂಗಾಡಿದೆ.

"ಅವ್ವಾ! ನನ್ನ ಸ್ಕರ್ಟನ್ನ ಒಳಲಂಗ ಮಾಡ್ಕಂಡೀಯಾ?"

"ಲಂಗ ತಾನೆ ಅದು? ನೀನೇ ಅಂದೆ. ಲಂಗ ಇರೋದೇ ಸೀರೆ ಒಳಗೆ ಉಡಾಕೆ. ನಿನಗೆ ಉಡಾಕೆ ಬರಲಿಲ್ಲ, ನಾನು ಉಟ್ಟೆ."

"ಬಿಚ್ಚಿಕೊಡು."

"ಕೊಡಲ್ಲ ಹೋಗೇ."

ಇದು ನನಗೆ ಹೊಸದು. ಅವ್ವ ಜೀವಮಾನದಲ್ಲಿ ಯಾವುದನ್ನೂ ತನ್ನದು ಅಂದವಳಲ್ಲ. ಮೈಸೂರ್‌ಪಾಕು ಬಾಯಿಗೆ ಹೋಗುತ್ತಿದ್ದರೂ ಯಾರಾದರೂ ನೋಡಿದರೆ ತೆಗೆದುಕೊಡುವ ಪೈಕಿ. ಅಂಥವಳು ನನ್ನ ಸ್ಕರ್ಟಿಗೆ ಹಟ ಹಿಡಿದಳು. ನಾನೂ ಬಿಡಲಿಲ್ಲ. ಮುಂದಿನ ವಾರ ಚಳ್ಳಕೆರೆ ಪೇಟೆಯಿಂದ ಮೂರು ಹೊಸ ಕಾಟನ್ ಲಂಗ ತಂದು ಮುಂದಿಟ್ಟು, ಇದನ್ನು ತಗೊಂಡು ಅದನ್ನು ಕೊಡು ಅಂದೆ. ಮೂರನ್ನೂ ಮಡಚಿ ಟ್ರಂಕಿಗೆ ಹಾಕಿದಳು, ಸ್ಕರ್ಟ್ ಮಾತ್ರ ಕೊಡಲಿಲ್ಲ. ವ್ಯಾಪಾರದಲ್ಲಿ ನಾನು ಎರಡೂ ಕಡೆ ಸೋತೆ.

ವಿಷಯ ತಿಳಿದದ್ದು ಒಂದು ಭಾನುವಾರ, ಎಣ್ಣೆನೀರು ಹಾಕುವಾಗ. ಅವ್ವನಿಗೆ ತಲೆಗೆ ಎಣ್ಣೆ ತಟ್ಟಿ ಬಿಸಿನೀರು ಹೊಯ್ಯುತ್ತಿದ್ದೆ. ಬೆನ್ನು ಉಜ್ಜೆಂದು ಬಾಗಿದವಳು, ಸೊಂಟದ ಬಳಿ ಸುತ್ತಿಕೊಂಡಿದ್ದ ಬಟ್ಟೆಯನ್ನು ಬಿಗಿಯಾಗಿ ಹಿಡಿದೇ ಇದ್ದಳು. ನೀರು ಬಿದ್ದ ರಭಸಕ್ಕೆ ಅದು ಜಾರಿತು. ಸೊಂಟದ ಸುತ್ತ ಕಪ್ಪನೆಯ ಬರೆ, ಹಸುವಿನ ಕೊರಳಲ್ಲಿ ಹಗ್ಗ ಕೂತು ಕೂತು ಆಗುತ್ತದಲ್ಲ ಹಾಗೆ. ಬಲಗಡೆ, ಲಾಡಿಯ ಗಂಟು ಕೂರುವ ಜಾಗದಲ್ಲಿ, ಬೆರಳಗಲದ ಹಸಿ ಗಾಯ. ಅದರ ಮೇಲೆ ಅರಿಸಿನ ಮೆತ್ತಿತ್ತು.

"ಇದೇನವ್ವಾ?"

"ಏನಿಲ್ಲ, ಲಾಡಿ ಕಟ್ಟೋ ಜಾಗ. ನೀರು ಹುಯ್ಯೇ."

"ಎಷ್ಟು ದಿನ ಆತು?"

"ಎರಡು ವರ್ಸ ಇರಬೌದು. ವಾಸಿ ಆಗ್ತದೆ, ಮತ್ತೆ ಆಗ್ತದೆ."

"ಯಾಕೆ ಹೇಳಲಿಲ್ಲ?"

"ಏನಂತ ಹೇಳ್ಲೇ? ಯಾರ ಮುಂದೆ ಬಿಚ್ಚಿ ತೋರಿಸ್ಲಿ?" ಅಂದಳು. ಆಮೇಲೆ ಕಣ್ಣಿಗೆ ಸೀಗೆಪುಡಿ ಹೋದಂತೆ ಮುಖ ಉಜ್ಜಿಕೊಳ್ಳುತ್ತ, ತಾನಾಗಿಯೇ ಹೇಳಿದಳು. "ನಿನ್ನ ಆ ಲಂಗ ಉಟ್ಟಾಗಿಂದ ಉರಿ ಕಮ್ಮಿ ಐತೆ ಕಣೆ. ಅದರ ಪಟ್ಟಿ ಅಗಲ, ನಿಂಗೆ ದೊಡ್ಡದಾದ್ದು ನಂಗೆ ಸರಿಯಾಗಿ ಕೂರ್ತದೆ. ಲಾಡಿ ಇಲ್ಲ. ಅದಕ್ಕೇ ಕೊಡಲಿಲ್ಲ."

ಕೈಯಲ್ಲಿದ್ದ ಚೊಂಬಿನಿಂದ ನನ್ನ ತಲೆಗೇ ಚಚ್ಚಿಕೊಳ್ಳಬೇಕು ಅನ್ನಿಸಿತು. ನಾನು ತಿಂಗಳುಗಟ್ಟಲೆ ಬಾಯಿ ಬಡಿದುಕೊಂಡದ್ದು ಗಾಯಕ್ಕೆ ಸಿಕ್ಕ ಏಕೈಕ ಮುಲಾಮಿಗಾಗಿ. ಅವ್ವನ ಎದುರಿಗೇ, ಒದ್ದೆ ನೆಲದಲ್ಲಿ ಕೂತು ಅತ್ತುಬಿಟ್ಟೆ.

ಸೋಮವಾರ ನನ್ನ ಜೊತೆಗೇ ಚಳ್ಳಕೆರೆಗೆ ಕರೆತಂದು ಲೇಡಿ ಡಾಕ್ಟರಿಗೆ ತೋರಿಸಿದೆ. ಅವರು ಗಾಯ ನೋಡಿ, "ಎಷ್ಟು ವರ್ಷದಿಂದ ಸೀರೆ ಉಡ್ತಿದ್ದೀರಮ್ಮ?" ಎಂದು ಕೇಳಿದರು.

"ಹದಿನಾಲ್ಕಕ್ಕೆ ಶುರು ಮಾಡಿದೆ ಕಣವ್ವ. ಈಗ ಅರವತ್ತೊಂದು."

"ಲಾಡಿ ಅಷ್ಟು ಬಿಗಿಯಾಗಿ ಯಾಕೆ ಕಟ್ತೀರಿ?"

ಅವ್ವ ಡಾಕ್ಟರನ್ನು ಮಗುವನ್ನು ನೋಡುವಂತೆ ನೋಡಿದಳು. "ಸಡಿಲ ಬಿಟ್ಟರೆ ಸೀರೆ ನಿಲ್ತದಾ? ದಿನವೆಲ್ಲ ಕೂತು ಎದ್ದು ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತಬೇಕು ನಾವು. ನಮ್ಮತ್ತೆ ಲಾಡಿಗೂ ಹೊಟ್ಟೆಗೂ ನಡುವೆ ಬೆರಳು ತೂರಿಸಿ ನೋಡೋರು. ತೂರಿದ್ರೆ ಬೈಯೋರು."

ಡಾಕ್ಟರು ಗಾಯದಿಂದ ಸಾಸಿವೆ ಕಾಳಿನಷ್ಟು ತೆಗೆದು ಪರೀಕ್ಷೆಗೆ ದಾವಣಗೆರೆಗೆ ಕಳಿಸಿದರು. ಇಂಥ ಗಾಯವನ್ನು ವರ್ಷಗಟ್ಟಲೆ ಹಾಗೇ ಬಿಟ್ಟರೆ ಕೆಲವರಿಗೆ ಕ್ಯಾನ್ಸರ್ ಆಗುವುದುಂಟು, ಇದು ಏನೆಂದು ರಿಪೋರ್ಟ್ ಬಂದ ಮೇಲೆ ಹೇಳುತ್ತೇನೆ ಅಂದರು. ಮೂರು ವಾರ ಕಾಯಬೇಕಿತ್ತು. ಅಲ್ಲಿಯವರೆಗೆ ಲಾಡಿ ಮುಟ್ಟಬಾರದು. ಆಮೇಲೆ ಸ್ಕರ್ಟಿನ ಪಟ್ಟಿಯನ್ನು ಕೈಯಲ್ಲಿ ಹಿಡಿದು ನೋಡಿ, "ಇದು ಒಳ್ಳೆಯದು, ಯಾರ ಐಡಿಯಾ?" ಎಂದು ಕೇಳಿದರು.

"ನಂದೇ" ಅಂದಳು ಅವ್ವ, ನನ್ನ ಕಡೆ ತಿರುಗಿಯೂ ನೋಡದೆ.

ಬಸ್‌ಸ್ಟ್ಯಾಂಡಿನ ಬೆಂಚಿನ ಮೇಲೆ ಕೂತಾಗ ಮಾತ್ರ ನನ್ನ ಕೈ ಹಿಡಿದುಕೊಂಡಳು. "ನಿಮ್ಮಪ್ಪಂಗೆ ಹೇಳಬ್ಯಾಡ. ಓಣಿಯೋರಿಗಂತೂ ಬ್ಯಾಡವೇ ಬ್ಯಾಡ. ನಾಳೆ ನಾನು ಹೋದ್ರೆ, ಲಂಗದ ಲಾಡಿಗೆ ಸತ್ಲು ಅಂತಾರೆ. ಅಂಥ ಸಾವು ನಂಗೆ ಬ್ಯಾಡ." ಹೇಳುವುದಿಲ್ಲ ಅಂದೆ. ಅವಳಿಗಿಂತ ಹೆಚ್ಚು ಹೆದರಿದ್ದವಳು ನಾನು.

ಹೆದರಿಕೆಯನ್ನು ಮರೆಯಲು ನನಗೊಂದು ಕೆಲಸ ಸಿಕ್ಕಿತು. ಕಡ್ಡಿ ಹುಡುಗಿ ಕಲಿಸಿದ ವಿದ್ಯೆ ನನ್ನ ಮೈಮೇಲೆ ಫಲಿಸಿರಲಿಲ್ಲ, ಅವ್ವನ ಮೇಲೆ ಪ್ರಯೋಗಿಸಿದೆ. ಕಪ್ಪು ಡೆನಿಮ್ ಸ್ಕರ್ಟಿನ ಮೇಲೆ ಯಾವ ಸೀರೆ ಉಟ್ಟರೆ ಲೋಕಕ್ಕೆ ಗೊತ್ತಾಗುವುದಿಲ್ಲ? ಅವ್ವನ ಟ್ರಂಕು ಖಾಲಿ ಮಾಡಿ ನೆಲದ ಮೇಲೆ ಹರಡಿದೆ. ತಿಳಿಬಣ್ಣದವೆಲ್ಲ ಹೊರಗೆ, ಒಳಗಿನ ಕಪ್ಪು ಮೋಡದಂತೆ ಕಾಣುತ್ತದೆ. ನೈಲಾನ್ ಆಗದು, ಜಾರುತ್ತದೆ. ಕಾಟನ್ ಒಳ್ಳೆಯದು, ಡೆನಿಮ್ಮಿಗೆ ಕಚ್ಚಿಕೊಂಡು ಕೂರುತ್ತದೆ. ಅವ್ವನೂ ಹಿಂದೆ ಬೀಳಲಿಲ್ಲ. ಬೆಲ್ಟ್ ಹಾಕುವ ಕುಣಿಕೆಗಳಿಗೆ ಪಿನ್ನು ಸಿಕ್ಕಿಸಿದರೆ ನೆರಿಗೆ ಅಲ್ಲಾಡುವುದಿಲ್ಲ ಎಂದು ಅವಳೇ ಕಂಡುಹಿಡಿದಳು. ಎಲೆಅಡಿಕೆ ಚೀಲವನ್ನು ಬಲಜೇಬಿಗೆ ಸೇರಿಸಿದಳು. ತೆಗೆಯಬೇಕಾದರೆ ಸೀರೆಯನ್ನೇ ಎತ್ತಬೇಕು, ಆದರೂ ಜೇಬಿದೆ ಅನ್ನುವುದೇ ಅವಳಿಗೊಂದು ಹೆಮ್ಮೆ. ಒಳಗಿನ ದಪ್ಪಕ್ಕೆ ನಡು ತುಂಬಿಕೊಂಡಂತೆ ಕಾಣುತ್ತಿತ್ತು. ಎದುರುಮನೆ ಅತ್ತೆ ಕಟ್ಟೆಯಿಂದಲೇ, "ಮಗಳ ದುಡಿಮೆ ಮೈಗೆ ಹತ್ತೈತೆ" ಎಂದು ತೀರ್ಪು ಕೊಟ್ಟಳು.

ರಿಪೋರ್ಟಿಗೆ ಇನ್ನೂ ಹತ್ತು ದಿನ ಇರುವಾಗಲೇ ತಂಗಿಯ ಸೀಮಂತ ಬಂತು. ತಂಗಿಯನ್ನು ಕೊಟ್ಟಿರುವುದು ನನ್ನಿವಾಳಕ್ಕೆ. ತವರಿನವರು ಹಸಿರು ಸೀರೆ, ಹಸಿರು ಬಳೆ ಒಯ್ಯಬೇಕು, ತಾಯಿಯಾದವಳು ಮಗಳಿಗೆ ಉಡಿ ತುಂಬಬೇಕು. ಬಸುರಿಯ ಹತ್ತಿರ ಕಪ್ಪು ನೂಲೂ ಸುಳಿಯಬಾರದು. ಅವ್ವ ಹಿಂದಿನ ದಿನವೇ ಟ್ರಂಕಿನಿಂದ ಲಾಡಿಯ ಲಂಗ ತೆಗೆದಿಟ್ಟಳು.

"ಒಂದು ದಿನ ಕಣೆ."

"ಒಂದು ಗಂಟೆನೂ ಆಗಲ್ಲ. ಡಾಕ್ಟರು ಏನಂದ್ರು?"

"ಡಾಕ್ಟರು ಹೇಳ್ತಾರೆ. ನಾಳೆ ಹುಡುಗಿಗೆ ಹೆಚ್ಚುಕಮ್ಮಿ ಆದ್ರೆ? ಕರೀದು ಉಟ್ಟು ಉಡಿ ತುಂಬಿದೆ ಅಂತ ನಂಗೇ ಗೊತ್ತಿರ್ತದಲ್ಲ. ದೇವ್ರಿಗೆ ಕಾಣಲ್ವಾ?"

"ದೇವ್ರು ಒಳಲಂಗ ನೋಡ್ತಾನೇನವ್ವಾ?"

ಅವ್ವನಿಗೆ ನಗು ತಡೆಯಲಾಗಲಿಲ್ಲ, ಕೆನ್ನೆ ಬಡಿದುಕೊಂಡು ನಕ್ಕಳು. ಆ ನಗುವಿನಲ್ಲೇ ಒಪ್ಪಿಸಿದೆ. ಬದನೆಕಾಯಿ ಬಣ್ಣದ, ದೊಡ್ಡಂಚಿನ, ಅಪ್ಪ ನೇಯ್ದ ರೇಷ್ಮೆ ಸೀರೆ ಆರಿಸಿದೆ. ನೆಲ ಗುಡಿಸುವಷ್ಟು ಇಳಿಬಿಟ್ಟು ಉಡಿಸಿದೆ. ಎಂಟು ಪಿನ್ನು ಹೊಡೆದೆ. ಇಷ್ಟು ಚೆಂದದ ಜೋಡಣೆಯನ್ನು ಯಾರಿಗೂ ತೋರಿಸುವಂತಿಲ್ಲವಲ್ಲ ಎಂದು ನನಗೆ ಬೇಸರವೂ ಆಯಿತು.

ನನ್ನಿವಾಳದ ಮನೆಯ ಪಡಸಾಲೆಯಲ್ಲಿ ಹೆಂಗಸರು ಕಿಕ್ಕಿರಿದಿದ್ದರು. ನಮ್ಮ ಜೊತೆ ಎದುರುಮನೆ ಅತ್ತೆಯೂ ಬಂದಿದ್ದಳು, ಅವಳಿಲ್ಲದೆ ನಮ್ಮ ಮನೆಯಲ್ಲಿ ಹಾಲೂ ಉಕ್ಕುವುದಿಲ್ಲ. ಎಲ್ಲ ಸಲೀಸಾಗಿ ನಡೆಯುತ್ತಿತ್ತು. ಅವ್ವ ತಂಗಿಯ ಎದುರು ಮಂಡಿಯೂರಿ ತೆಂಗಿನಕಾಯಿ, ಅಕ್ಕಿ, ಕುಬುಸದ ಕಣ ಉಡಿಗೆ ಹಾಕಿದಳು. ಏಳುವಾಗ ಹೆಬ್ಬೆರಳು ಸೀರೆಯ ಅಂಚನ್ನು ತುಳಿಯಿತು. ಇಳಿಬಿಟ್ಟು ಉಡಿಸಿದ ನನ್ನ ಜಾಣತನದ ಫಲ. ಪಿನ್ನುಗಳು ಪಟಪಟ ಬಿಟ್ಟವು, ಮುಂದಿನ ನೆರಿಗೆ ಜಗ್ಗಿ ಕೆಳಗೆ ಬಂತು, ಹಿತ್ತಾಳೆ ಗುಂಡಿಯ ಸಮೇತ ಒಂದು ಮೊಳ ಕಪ್ಪು ಡೆನಿಮ್ ಎಲ್ಲರೆದುರು ನಿಂತಿತು.

"ಅಯ್ಯಯ್ಯೋ! ಏನೇ ಅದು ಕರೀದು?" ಅಂದಳು ಅತ್ತೆ. ಅವಳ ಪಿಸುಮಾತೂ ಓಣಿಯ ಆಚೆಗೆ ಕೇಳುತ್ತದೆ, ಇದಂತೂ ಕೂಗು.

ತಂಗಿಯ ಅತ್ತೆ ಕುಂಕುಮದ ಬಟ್ಟಲು ಹಿಡಿದು ನಿಂತಿದ್ದವರು, "ಏನ್ರೀ ಬೀಗ್ರೆ, ಶುಭಕಾರ್ಯಕ್ಕೆ ಕರೀದು ಉಟ್ಕಂಡು ಬಂದೀರಾ?" ಅಂದರು. ಅವ್ವನ ಮುಖ ಸುಣ್ಣವಾಯಿತು. ನೆರಿಗೆಯನ್ನು ಮುದುರಿ ಹೊಟ್ಟೆಗೆ ಒತ್ತಿಕೊಂಡಳು, ಅದೂ ಗಾಯದ ಮೇಲೇ. ನಿಜ ಹೇಳಿದರೆ ಅವಳು ಭೂಮಿಗಿಳಿದು ಹೋಗುತ್ತಾಳೆ. ಹೇಳದಿದ್ದರೆ ತಂಗಿಗೆ ಜೀವಮಾನವಿಡೀ ಮಾತು. ನನ್ನ ಬಾಯಿ ನನ್ನನ್ನು ಕೇಳದೆ ತೆರೆದುಕೊಂಡಿತು.

"ಹರಕೆ" ಅಂದೆ.

"ಏನಂದೆ?"

"ಹರಕೆ ಹೊತ್ತವಳೆ ಅವ್ವ. ಗೌರಸಮುದ್ರದ ತಾಯಿಗೆ. ಮಗಳಿಗೆ ಸುಸೂತ್ರ ಹೆರಿಗೆ ಆಗೋತನಕ ಒಳಗೆ ಕರೀದೇ ಉಡ್ತೀನಿ ಅಂತ. ದೃಷ್ಟಿ ಎಲ್ಲ ತನಗೇ ಹತ್ಲಿ, ಮಗಳಿಗೆ ಹತ್ತಬಾರ್ದು ಅಂತ. ಹೇಳಿದ್ರೆ ಫಲ ಇಲ್ಲ, ಅದಕ್ಕೇ ಹೇಳಿರಲಿಲ್ಲ."

ಒಬ್ಬಾಕೆ, "ಗುಂಡಿ ಯಾಕೆ?" ಅಂದಳು.

"ಲಾಡಿ ಕಟ್ಟಂಗಿಲ್ಲ. ಮೈಮ್ಯಾಲೆ ಗಂಟು ಇರಬಾರ್ದು. ಹೆರಿಗೆ ವಿಚಾರ ಅಲ್ವಾ, ತಾಯಿ ಗಂಟು ಕಟ್ಟಿಕೊಂಡಿದ್ರೆ ಮಗಳಿಗೆ ಬಿಡುಗಡೆ ಆಗ್ತದಾ?"

ಇದು ನನಗೇ ಎಷ್ಟು ಸರಿ ಅನ್ನಿಸಿತೆಂದರೆ, ನಾನೇ ಅರ್ಧ ನಂಬಿದೆ. ಹೆಂಗಸರೆಲ್ಲ ಹೌದೌದು ಎಂದು ತಲೆದೂಗಿದರು. ತಂಗಿಯ ಅತ್ತೆಯ ಕಣ್ಣಲ್ಲಿ ನೀರು ಬಂತು. "ಅಯ್ಯೋ ನನ್ನವ್ವ, ಮೊದ್ಲೇ ಹೇಳಬಾರ್ದಾ! ನಾನು ಪಾಪಿ, ಏನೇನೋ ಅಂದೆ" ಎಂದು ಅವ್ವನನ್ನು ಮಣೆಯ ಮೇಲೆ ಕೂರಿಸಿ ತಂಗಿಗಿಂತ ಮೊದಲು ಅವಳಿಗೇ ಅರಿಸಿನ ಕುಂಕುಮ ಕೊಟ್ಟರು. ನಾಲ್ಕು ಜನ ಸ್ಕರ್ಟಿನ ಅಂಚನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು. ಆನ್‌ಲೈನಿನಲ್ಲಿ ಬಂದ ಮಾಲಿಗೆ ಈ ಭಾಗ್ಯ ಬೇರೆ ಎಲ್ಲೂ ಸಿಕ್ಕಿರಲಾರದು.

ವಾಪಸು ಬರುವಾಗ ಅವ್ವ ನನ್ನ ತೊಡೆ ಚಿವುಟಿದಳು. "ತಾಯಿ ಹೆಸರಲ್ಲಿ ಸುಳ್ಳು ಹೇಳಿದ್ಯಲ್ಲೇ ಹಾಳಾದೋಳೆ. ಈಗ ನಿಜವಾಗ್ಲೂ ಹರಕೆ ತೀರಿಸ್ಬೇಕು ನಾನು."

ಹತ್ತು ದಿನಕ್ಕೆ ಡಾಕ್ಟರ ಫೋನ್ ಬಂತು. ಕ್ಯಾನ್ಸರ್ ಅಲ್ಲ. ಲಾಡಿ ಕಟ್ಟದಿದ್ದರೆ ತಾನಾಗಿಯೇ ಮಾಯುತ್ತದೆ ಅಂದರು. ಮಿಲ್ಲಿನ ಹಿಂದೆ, ಶೇಂಗಾ ಸಿಪ್ಪೆಯ ರಾಶಿಯ ಪಕ್ಕ ನಿಂತು ಅವ್ವನಿಗೆ ಫೋನ್ ಮಾಡಿದೆ. ಆ ಕಡೆ ಮಗ್ಗದ ಸದ್ದು ಕೇಳುತ್ತಿತ್ತು. ಆಮೇಲೆ, "ಊಟ ಮಾಡಿದ್ಯಾ?" ಅಂದಳು. ಇಬ್ಬರೂ ಅತ್ತೆವು. ಎರಡು ತಿಂಗಳಿಗೆ ತಂಗಿಗೆ ಸುಸೂತ್ರವಾಗಿ ಹೆಣ್ಣುಮಗು ಆಯಿತು. ಹರಕೆ ಫಲಿಸಿತು ಎಂದು ನನ್ನಿವಾಳದಿಂದ ಮೊಳಕಾಲ್ಮೂರಿನವರೆಗೆ ಸುದ್ದಿಯಾಯಿತು. ಅವ್ವನ ಗಾಯ ಮಾಯ್ದು ಕಪ್ಪು ಬರೆ ಮಾತ್ರ ಉಳಿಯಿತು. ಅವಳ ಮಾನ ಉಳಿಯಿತು. ಮಾನದ ಜೊತೆಗೆ ದೊಡ್ಡ ಭಕ್ತೆ ಎಂಬ ಹೆಸರೂ ಬಂತು. ನಾನು ಅದೇ ಅಳತೆಯಲ್ಲಿ ಇನ್ನೆರಡು ಸ್ಕರ್ಟ್ ತರಿಸಿಕೊಟ್ಟೆ. ಎಲ್ಲ ಅಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆವು.

ಮಗುವಿಗೆ ಹೆಸರಿಟ್ಟು ಎರಡು ವಾರವಾಗಿರಬಹುದು. ಒಂದು ಭಾನುವಾರ ಮಧ್ಯಾಹ್ನ, ಅಪ್ಪ ಸೊಸೈಟಿಗೆ ಹೋಗಿದ್ದಾಗ, ಎದುರುಮನೆ ಅತ್ತೆ ಬಂದಳು. ಕಟ್ಟೆ ಬಿಟ್ಟು ಏಳದವಳು ಒಳಗಿನ ಕೋಣೆಯವರೆಗೆ ಬಂದು ಕೂತಳು. ಎಂದಿಲ್ಲದ ಹಾಗೆ ದನಿ ತಗ್ಗಿಸಿದ್ದಳು.

"ಆ ಹರಕೆ ನಂಗೂ ಹೇಳಿಕೊಡು" ಅಂದಳು ಅವ್ವನಿಗೆ.

"ಯಾರಿಗಕ್ಕಾ? ನಿನ್ನ ಮನೆಯಾಗೆ ಬಸುರಿ ಯಾರವರೆ ಈಗ?"

"ಯಾರೂ ಇಲ್ಲ. ಬಸುರಿಗೇ ಆಗಬೇಕಾ ಅದು? ಬ್ಯಾರೆಯೋರಿಗೆ ನಡೆಯಲ್ವಾ?"

ನನಗೆ ತಮಾಷೆ ಅನ್ನಿಸಿತು. ನನ್ನ ಹರಕೆಗೆ ಮೊದಲ ಶಿಷ್ಯೆ ಸಿಕ್ಕಳು, ಅದೂ ಇವಳು! ನಿಯಮ ಹೇಳಲು ಬಾಯಿ ತೆರೆಯುತ್ತಿದ್ದೆ.

ಅತ್ತೆ ನನ್ನ ಕಡೆ ತಿರುಗಿದಳು. "ಲಾಡಿ ಕಟ್ಟಂಗಿಲ್ಲ ಅಂದ್ಯಲ್ಲ ಅವತ್ತು. ಅದು ನಿಜಾನಾ? ಹರಕೆ ಅಂದ್ರೆ ಯಾರೂ ಕೇಳಲ್ಲ ಅಲ್ವಾ?" ಎಂದು, ನಾವು ಏನಾದರೂ ಅನ್ನುವ ಮೊದಲೇ, ರವಿಕೆಯ ಕೆಳಗಿನ ಸೀರೆಯನ್ನು ಎರಡು ಬೆರಳಿನಿಂದ ಸರಿಸಿದಳು.

ಬಲಗಡೆಯೇ. ಅವ್ವನದು ಬೆರಳಗಲ ಇತ್ತು, ಇದು ಅಂಗೈಯಗಲ. ಅಂಚು ಗಟ್ಟಿಯಾಗಿ ಮೇಲೆದ್ದಿತ್ತು. ಲಾಡಿ ಅದರ ನಡುವೆಯೇ ಹಾದುಹೋಗಿತ್ತು.

"ಎಂಟ್ಹತ್ತು ವರ್ಸ ಆತು" ಅಂದಳು ಅತ್ತೆ. "ಹೆಂಗಸರಿಗೆಲ್ಲ ಇರೋದೇ ಅನ್ಕಂಡು ಸುಮ್ಕಿದ್ದೆ. ಈ ನಡುವೆ ರಕ್ತ ಬರ್ತೈತೆ. ಹರಕೆ ಹೊತ್ರೆ ಮೂರು ತಿಂಗಳಾದ್ರೂ ಲಾಡಿ ಬಿಡಬೌದಲ್ಲ, ಅದಕ್ಕೇ ಬಂದೆ."

ಅವ್ವನ ಮುಖ ನೋಡಿದೆ. ಊರಿಗೆ ಹೇಳಬೇಡವೆಂದು ಬಸ್‌ಸ್ಟ್ಯಾಂಡಿನಲ್ಲಿ ನನ್ನ ಕೈ ಹಿಡಿದಿದ್ದವಳು, ಈ ಓಣಿಯಲ್ಲೇ ದೊಡ್ಡ ಬಾಯಿಯ ಹೆಂಗಸಿನ ಎದುರು ಎದ್ದು ನಿಂತಳು. ಬಾಗಿಲಿಗೆ ಚಿಲಕ ಹಾಕಿದಳು. ಪಿನ್ನು ಕಿತ್ತು ನೆರಿಗೆ ಬಿಟ್ಟು, ಹಿತ್ತಾಳೆ ಗುಂಡಿ ಬಿಚ್ಚಿ, ಸೊಂಟದ ಸುತ್ತ ಉಳಿದಿದ್ದ ಕಪ್ಪು ಬರೆ ತೋರಿಸಿದಳು.

"ಹರಕೆ ಗಿರಕೆ ಏನೂ ಇಲ್ಲಕ್ಕಾ. ಇವಳು ಹೇಳಿದ್ದೆಲ್ಲ ಸುಳ್ಳು. ನಂದೂ ಇದೇ. ನಾಳೆ ಮೊದಲ್ನೇ ಬಸ್ಸಿಗೆ ಚಳ್ಳಕೆರೆಗೆ ಹೋಗನ, ನಾನೂ ಬರ್ತೀನಿ. ಈಗ ಮೊದ್ಲು ಆ ಲಾಡಿ ಬಿಚ್ಚು."

ಅತ್ತೆ ಗಂಟಿಗೆ ಕೈ ಹಾಕಿದಳು. ಬಿಗಿದು ಬಿಗಿದು ಅದು ಕಗ್ಗಂಟಾಗಿತ್ತು, ಬಿಚ್ಚಲು ಬರಲಿಲ್ಲ. ನಾನೂ ಪ್ರಯತ್ನಿಸಿದೆ, ನನ್ನ ಉಗುರು ಮುರಿಯಿತು. ಅವ್ವ ಮಗ್ಗದ ಹತ್ತಿರ ಹೋಗಿ ಅಪ್ಪನ ಎಳೆ ಕತ್ತರಿಸುವ ಕತ್ತರಿ ತಂದಳು. ಅತ್ತೆ ಹೌಹಾರಿ ಎರಡೂ ಕೈಯಿಂದ ಸೊಂಟ ಮುಚ್ಚಿಕೊಂಡಳು.

"ಏ, ಏ, ಕತ್ತರಿಸಬ್ಯಾಡ್ವೇ! ಹೊಸ ಲಾಡಿ ಕಣೇ ಅದು, ಮೊನ್ನೆ ತಾನೆ ಹಾಕಿದ್ದು!"